ಮೂವತ್ತಾರರ ಬಿಲ್ಲು

ಇದ್ರೀಯಾ ಎಂಬ ಊರು. ಬೆಟ್ಟಗಳ ಬೋಗುಣಿಯ ತಳದಲ್ಲಿ
ಐನೂರು ವರ್ಷ ಪಾದರಸ ತೋಡಿ ತೋಡಿ
ಒಳಗೆಲ್ಲ ಟೊಳ್ಳಾದ ನೆಲ.
ಅದರ ಮೇಲೊಂದು ಮನೆ. ಮಾಡಿನ ಹಿಮ ಕರಗಿ
ತೊಟ್ಟು, ತೊಟ್ಟು.

ನೇಝಾಗೆ ಒಂಬತ್ತು ತುಂಬಿದೆ. ಏಳರ ಮಗ್ಗಿ
ಏಳಾರ್ಲಿ ನಲವತ್ತೆರಡರ ತನಕ ನಡೆದು
ಅಲ್ಲಿಂದಾಚೆ ಕಾಲೆತ್ತದು.
ಬೋರುತ್ ಮೇಷ್ಟ್ರು ಬಯ್ಯಲಿಲ್ಲ, ಗ್ರಾಫ್ ಹಾಳೆ ಕೊಟ್ಟರು:
"ಅಡ್ಡಕ್ಕೆ ನಲವತ್ತು ಮನೆ, ಮೇಲಕ್ಕೂ ನಲವತ್ತು.
ಕೆಳಸಾಲಲ್ಲಿ ಮನೆಗೊಂದು ಚುಕ್ಕಿ.
ಎರಡನೆಯದರಲ್ಲಿ ಎರಡೆರಡಕ್ಕೆ, ಮೂರನೆಯದರಲ್ಲಿ ಮೂರು ಮೂರಕ್ಕೆ.
ಹೀಗೆ ಹತ್ತುತ್ತ ಹೋಗು.
ಏನು ಕಂಡಿತು, ನಾಳೆ ಹೇಳು."

ಜೋಫ್ಕಾ ಅಜ್ಜಿಗೆ ಸೀಸದ ಚುಕ್ಕಿ ಕಾಣದು.
ಲೇಸಿನ ದಿಂಬಿನಿಂದ ಗುಂಡುಸೂಜಿ ಕಿತ್ತು ಕೊಟ್ಟಳು:
"ಚುಚ್ಚು. ಬೆರಳಿಗಾದರೂ ಗೊತ್ತಾಗಲಿ."
ಅವಳ ಕದಿರುಗಳು ಟಿಕಟಿಕ ಹೊರಳುತ್ತಿದ್ದವು,
ಎಪ್ಪತ್ತು ವರ್ಷದಿಂದ ಹೊರಳುತ್ತಿರುವ ಹಾಗೆಯೇ.

(ನನ್ನ ನುಡಿಯಲ್ಲಿ ಮಗ್ಗಕ್ಕೂ ಮಗ್ಗಿಗೂ ನಡುವೆ
ಒಂದು ಗುಡಿಸು, ಅಷ್ಟೆ. ಅವರ ನುಡಿಯಲ್ಲಿ ಏನಿದೆಯೋ ಅರಿಯೆ.
ಆ ಮೇಜಿನ ಮೇಲೆ ಅಷ್ಟೂ ಇರಲಿಲ್ಲ.)

ಏಳನೆಯ ಸಾಲು. ಏಳು, ಹದಿನಾಲ್ಕು, ಇಪ್ಪತ್ತೊಂದು...
ಇಪ್ಪತ್ತೇಳಕ್ಕೆ ಚುಚ್ಚಿಯೇಬಿಟ್ಟಳು.
ಅಜ್ಜಿ ಬೆರಳಾಡಿಸಿ, "ಇಲ್ಲೊಂದು ಮನೆ ಕುಂಟಿದೆ," ಎಂದಳು.
ಹಾಳೆ ಹರಿಯಲಿಲ್ಲ. ಮೇಣ ತಿಕ್ಕಿ ಮುಚ್ಚಿದರು.

ರಾತ್ರಿ ಊಟವಾದ ಮೇಲೆ ದೀಪಕ್ಕೆ ಎತ್ತಿ ಹಿಡಿದರೆ
ನೂರೈವತ್ತೆಂಟು ತೂತು, ಮೇಣದ್ದು ಬಿಟ್ಟು.
ಎಡಗಡೆಯ ಕೆಳಮೂಲೆಯಿಂದ ಬೀಸಣಿಗೆಯಂತೆ ಬಿಚ್ಚಿಕೊಂಡ ಸಾಲುಗಳು.
ನಡುನಡುವೆ ಬರಿದೇ ಬರಿದು ಕೆಲವು ಕಂಬ:
ಇಪ್ಪತ್ತೊಂಬತ್ತು, ಮೂವತ್ತೊಂದು, ಮೂವತ್ತೇಳು.
ತಳದಲ್ಲೊಂದು ಬೆಳಕು, ತುತ್ತತುದಿಗೊಂದು,
ನಡುವೆ ಕತ್ತಲು ಕತ್ತಲು ಕತ್ತಲು.
ಅಜ್ಜಿಯ ಕದಿರು ನಿಂತಿತು.
"ನಮ್ಮಪ್ಪ ಇಳಿಯುತ್ತಿದ್ದ ಬಾವಿ ಹೀಗೇ.
ಮೇಲೆ ಒಂದು ಲಾಂದ್ರ. ಕೆಳಗೆ ಅವನದು."
ಮುಂದೆ ಹೇಳಲಿಲ್ಲ. ಕೊನೆಕೊನೆಗೆ ಅವನ ಕೈ
ಸೂಪಿನ ಚಮಚ ಬಾಯಿಗೆ ತಲುಪದಷ್ಟು ನಡುಗುತ್ತಿತ್ತು.

"ಅಜ್ಜೀ, ಇದ್ಯಾವುದು? ಇದನ್ನು ನಾನು ಚುಚ್ಚಿಲ್ಲ."
"ಮತ್ತೆ ಸೂಜಿ ಯಾರ ಕೈಲಿತ್ತು?"
ಮೂವತ್ತಾರರ ಕಂಬ, ಆರನೆಯ ಸಾಲು: ಅದು ಮೊನೆ.
ಅಲ್ಲಿಂದ ಎಡಕ್ಕೆ ಕೆಳಗೊಂದು ಮೇಲೊಂದು ಜೋಡಿ ಬೆಳಕು:
ಮೂವತ್ತೈದಕ್ಕೆ ಐದೂ ಏಳೂ, ಮೂವತ್ತೆರಡಕ್ಕೆ ನಾಲ್ಕೂ ಎಂಟೂ,
ಆಮೇಲೆ ಇಪ್ಪತ್ತೇಳು, ಇಪ್ಪತ್ತು, ಹನ್ನೊಂದು...
ಎಳೆದು ಹಿಡಿದ ಬಿಲ್ಲಿನ ಬಾಗು!
ಅಜ್ಜಿ ಉಗುರಿನಿಂದ ಎಣಿಸಿದಳು: ಒಂದು ಮನೆ ದೂರ,
ಮೂರು, ಐದು, ಏಳು, ಒಂಬತ್ತು.
"ಮೊನೆಯ ಹತ್ತಿರ ಒತ್ತಾಗಿ, ಹೋಗುತ್ತ ಹೋಗುತ್ತ ಸಡಿಲ.
ಅಂಚು ತಿರುಗುವುದು ಹೀಗೇ ಕಣೇ.
ಯಾರೇ ಹಿಡಿ ನಿನಗೆ ಹೇಳಿಕೊಟ್ಟದ್ದು?"
ಯಾರೂ ಇಲ್ಲ. ಅದರೊಳಗೆ ಇಪ್ಪತ್ತೈದರದೊಂದು ಬಿಲ್ಲು,
ಅದರೊಳಗೆ ಹದಿನಾರರದು.

ಬೆಳಿಗ್ಗೆ ಕಿಟಕಿಯ ಗಾಜಿಗೆ ಹಾಳೆ ಅಂಟಿಸಿ
ಚೀಲ ಹೆಗಲಿಗೇರಿಸಿಕೊಂಡೇ ನಿಂತಿದ್ದಾಳೆ.
ಇನ್ನೆರಡು ತೋಳು ಕಾಣುತ್ತಿವೆ, ಮೊನೆಯಿಲ್ಲದವು:
ಹದಿಮೂರು, ಇಪ್ಪತ್ತನಾಲ್ಕು, ಮೂವತ್ಮೂರು, ನಲವತ್ತು,
ಅಲ್ಲಿಗೆ ಹಾಳೆ ಮುಗಿದಿದೆ.
ಒಂದು ನಾಲ್ಕನೆಯ ಸಾಲಲ್ಲಿ, ಒಂದು ಹತ್ತರಲ್ಲಿ,
ಒಂದನ್ನೊಂದು ಹುಡುಕುತ್ತ ಹೊರಗೆ ಹೊರಟಿವೆ.
ಐದು ಮನೆ ದಾಟಿದರೆ ಐದೂ ಒಂಬತ್ತೂ,
ಇನ್ನು ಮೂರಕ್ಕೆ ಆರೂ ಎಂಟೂ, ಇನ್ನೊಂದಕ್ಕೆ—
ಅವಳ ಬೆರಳು ಗಾಜು ದಾಟಿ
ಚೌಕಟ್ಟಿನ ಮರದ ಮೇಲೆ ನಿಂತಿತು.

"ಏಳೇಳ್ಲಿ ನಲವತ್ತೊಂಬತ್ತು," ಎಂದಳು,
ಬಾಯಿಪಾಠದ ರಾಗವಿಲ್ಲದೆ,
ಬೀದಿಯಲ್ಲಿ ಕಂಡವರ ಹೆಸರು ಹೇಳುವ ಹಾಗೆ.

"ಮರಕ್ಕೆ ಸೂಜಿ ಚುಚ್ಚಬೇಡ ಮತ್ತೆ," ಅಜ್ಜಿ ಗದರಿದಳು.
ಬಿಸಿಲೇರಿತು. ಏಳನೆಯ ಸಾಲಲ್ಲಿ,
ಇಪ್ಪತ್ತೇಳರ ಮನೆಯಲ್ಲಿ,
ಮೇಣದ ತೂತೂ ಮಂಕಾಗಿ, ಹಳದಿಯಾಗಿ
ಹೊತ್ತಿಕೊಂಡಿತ್ತು.